ಘಾಟಬೋರಾಳದ ಹೊಸ್ತಿಲ ಕಲ್ಲಿಗೆ ತಲೆ ಯಾವ ಕಡೆ

ಪುರಾತನ ಕಲ್ಲುಗಳ ಮಹಕಮೆ
ಹುಮನಾಬಾದ ಠಾಣ್ಯ

(ಉರ್ದು ಮೂಲದ ಕನ್ನಡ ತರ್ಜುಮೆ. ತರ್ಜುಮೆ ತಪ್ಪಿದ್ದಲ್ಲಿ ಮೂಲವೇ ಸರಿ. ಮೂಲ ತಪ್ಪಿದ್ದಲ್ಲಿ ಓದುವವನೇ ತಪ್ಪು.)

ನಿಶಾನೆ: ಪುಕಮ/ತಲೆ/೭
ತಾರೀಖು: ೧೯ ಖುರ್ದಾದ್, ೧೩೫೦ ಫಸಲಿ (ಇಂಗ್ಲಿಷ್ ಸನ್ ೧೯೪೧)

ವಿಷಯ: ಘಾಟಬೋರಾಳದ ಗಯಾಬಾಯಿಯವರ ಹೊಸ್ತಿಲ ಕಲ್ಲಿನಲ್ಲಿ ಹುದುಗಿರುವ ಪ್ರಾಣಿಯ ತಲೆಯನ್ನು ಗೊತ್ತುಪಡಿಸುವ ಬಗ್ಗೆ, ಹಾಗೂ ಸದರಿ ಹೊಸ್ತಿಲನ್ನು ದಾಟುವ, ದಾಟದಿರುವ ಬಗ್ಗೆ.

ಉಲ್ಲೇಖ: ಇದೇ ವಿಷಯದ ಹಿಂದಿನ ಸುತ್ತೋಲೆಗಳು (ಎಲ್ಲವೂ ರದ್ದು).

ಎಲ್ಲ ಸಿಬ್ಬಂದಿಗೆ, ಘಾಟಬೋರಾಳದ ರಯತರಿಗೆ, ಮತ್ತು ಹೊಸ್ತಿಲುಳ್ಳ ಸಮಸ್ತರಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ:

೧. ಗಯಾಬಾಯಿಯವರ ಮನೆಗೆ ಇರುವುದು ಒಂದೇ ಬಾಗಿಲು. ಮಂದಿ, ಎಮ್ಮೆ, ಜೋಳದ ಚೀಲ, ಕಣಿಕೆಯ ಹೊರೆ ಎಲ್ಲವೂ ಅದರಲ್ಲೇ ಬರತಕ್ಕದ್ದು, ಅದರಲ್ಲೇ ಹೋಗತಕ್ಕದ್ದು. ಆಕೆಯ ಮಾವ ಮನೆ ಕಟ್ಟಿಸುವಾಗ ಯಾವನೋ ದಾರಿಹೋಕ ಬಂಡಿಯವನಿಂದ ಒಂದು ನುಣುಪಾದ ಬೂದಿಬಣ್ಣದ ಹಾಸುಗಲ್ಲು ಇಳಿಸಿಕೊಂಡು ಹೊಸ್ತಿಲಿಗೆ ಹಾಕಿದ್ದರು. ಅದು ಈ ಸೀಮೆಯ ಕರಿಕಲ್ಲು ಅಲ್ಲ. ಯಾವ ಸೀಮೆಯದೆಂಬುದು ಬಂಡಿಯವನಿಗೆ ಗೊತ್ತಿತ್ತು. ಬಂಡಿಯವನು ಯಾರೆಂಬುದು ಯಾರಿಗೂ ಗೊತ್ತಿಲ್ಲ. ಕಲ್ಲಿನ ನಡುವೆ ಗೇಣುದ್ದದ ಪ್ರಾಣಿಯೊಂದರ ಅಚ್ಚು ಇದೆ. ಗಯಾಬಾಯಿಯವರ ಅತ್ತೆ ಅದನ್ನು ಜರಿಹುಳ ಎಂದು ತಿಳಿದು ಒಂದು ವರ್ಷ ಹೆದರಿದರು. ಅದು ಕಚ್ಚದಿರುವುದನ್ನು ನೋಡಿ ಎರಡನೆಯ ವರ್ಷದಿಂದ ಅಮವಾಸೆಗೊಮ್ಮೆ ಕುಂಕುಮ ಹಚ್ಚತೊಡಗಿದರು. ಅತ್ತೆ ಹೋದ ಮೇಲೆ ಗಯಾಬಾಯಿ ಅದನ್ನೇ ನಡೆಸಿಕೊಂಡು ಬಂದಿದ್ದಾರೆ.

೨. ಎರಡು ತಿಂಗಳ ಹಿಂದೆ, ಫರ್ವರ್ದಿಯಲ್ಲಿ, ಈ ಮಹಕಮೆಯ ಮುಖ್ಯಾಧಿಕಾರಿಗಳಾದ ಮೊಹತಮೀಮರು ಕಲ್ಯಾಣದ ಕಡೆ ದೌರೆ, ಅಂದರೆ ಸರಕಾರಿ ತಿರುಗಾಟ, ಹೊರಟವರು ನೀರು ಕೇಳಲು ಸದರಿ ಬಾಗಿಲಲ್ಲಿ ನಿಂತಾಗ ಅಚ್ಚು ಕಣ್ಣಿಗೆ ಬಿತ್ತು. ನೀರು ಕುಡಿಯುವುದರೊಳಗೆ ಕಲ್ಲಿಗೆ ಹಗ್ಗ ಸುತ್ತಿಸಿ, ಅಬ್ದುಲ್ ಕರೀಂ ಎಂಬ ಜವಾನನನ್ನು ಪಹರೆಗೆ ನಿಲ್ಲಿಸಲಾಯಿತು. ಪುರಾತನ ಪ್ರಾಣಿಯ ತಲೆಯ ಮೇಲೆ ಕಾಲಿಡಬಾರದೆಂದು ನಿಯಮವಿದೆ. ನಡು ಮತ್ತು ಬಾಲದ ವಿಷಯದಲ್ಲಿ ನಿಯಮ ಸುಮ್ಮನಿದೆ. ಆದ್ದರಿಂದ ತಲೆ ಯಾವುದೆಂದು ಗೊತ್ತಾಗುವವರೆಗೆ ಇಡೀ ಪ್ರಾಣಿಯನ್ನು ತಲೆಯೆಂದೇ ಭಾವಿಸಿ, ಹೊಸ್ತಿಲು ದಾಟುವುದನ್ನು ಮನಾಯಿ ಮಾಡಲಾಯಿತು.

೩. ಸದರಿ ಬಾಯಿಯವರಿಗೆ ಇದರಿಂದ ಯಾವ ತೊಂದರೆಯೂ ಆಗಿಲ್ಲವೆಂದು ಮಹಕಮೆಯು ತೃಪ್ತಿಪಟ್ಟಿದೆ. ಅವರು ನೆರೆಯ ಗುಂಡಪ್ಪನ ಮನೆಯ ನಿಚ್ಚಣಿಕೆ ಹತ್ತಿ, ಮಾಳಿಗೆಯಿಂದ ಮಾಳಿಗೆಗೆ ದಾಟಿ, ತಮ್ಮ ಬೆಳಕಿಂಡಿಯಲ್ಲಿ ಇನ್ನೊಂದು ನಿಚ್ಚಣಿಕೆ ಇಳಿಬಿಟ್ಟು, ತಲೆಯ ಮೇಲಿನ ಕೊಡ ತುಳುಕದಂತೆ ಇಳಿಯುವುದನ್ನು ಕೆಲವೇ ದಿನಗಳಲ್ಲಿ ಕಲಿತರು. ಹಗ್ಗ ಸುತ್ತಿಸಿದ ಹೊತ್ತಿಗೆ ಎಮ್ಮೆ ಒಳಗಿತ್ತು. ಒಳಗೇ ಉಳಿಯಿತು. ಈ ಬಗ್ಗೆ ಬಾಯಿಯವರು ಮಾಳಿಗೆಯ ಅಂಚಿನಲ್ಲಿ ನಿಂತು ಮಾಡಿಕೊಂಡ ಅರ್ಜಿಯನ್ನು ಅವರ ಮಾತಿನಲ್ಲೇ ದಾಖಲಿಸಲಾಗಿದೆ: “ಸಾಹೇಬ್ರ, ನಾ ಹತ್ತತೀನಿ ಇಳೀತೀನಿ, ಮಂಗ್ಯಾನಂಗ ಆಗೇನಿ. ಎಮ್ಮಿ ಹ್ಯಾಂಗ ಹತ್ತಬೇಕ್ರಿ? ಅದಕ್ಕ ಹೊರಗಿನ ಬಿಸಲ ನೋಡಲಾರ್ದ ಕಣ್ಣ ಮಂಜ ಆಗಾಕತ್ತಾವ.” ಅರ್ಜಿಯ ಮೇಲೆ ಹುಕುಮು: “ಎಮ್ಮೆಗೆ ಹತ್ತಲು ಕಲಿಸಿ ನೋಡಲಾಗಿದೆಯೇ? ವಿವರಣೆ ಸಲ್ಲಿಸತಕ್ಕದ್ದು.”

೪. ಶಹರದಿಂದ ಇಬ್ಬರು ಪಂಡಿತರನ್ನು ಕರೆಸಲಾಯಿತು. ಇಬ್ಬರೂ ಹೊಟ್ಟೆಯ ಮೇಲೆ ಮಲಗಿ ಕಲ್ಲನ್ನು ಪರೀಕ್ಷಿಸಿದರು. ಇದು ಸಂಧಿಪದಿ ಎಂಬ ಕುಲದ ಹಿರೀಕನೆಂದೂ, ಕಾಲಿಗೆ ಕೀಲುಳ್ಳ ಚೇಳು, ಜರಿ, ಏಡಿ, ಮಿಡತೆಗಳೆಲ್ಲ ಅದೇ ಕುಲದ ಈಗಿನ ಮಂದಿಯೆಂದೂ ಇಬ್ಬರೂ ಒಪ್ಪಿದರು. ಮೊಟ್ಟಮೊದಲು ಇವುಗಳ ಮೈ ಸಾಲಾಗಿ ಜೋಡಿಸಿದ ಬಳೆಗಳಂತೆ ಇತ್ತು. ಬಳೆಗೊಂದು ಜೋಡಿ ಕಾಲು. ಬೇರೆಯಾದ ತಲೆಯೇ ಇರಲಿಲ್ಲ. ಯುಗಗಳು ಕಳೆದಂತೆ ಮುಂದಿನ ಕೆಲವು ಬಳೆಗಳು ಬೆಸೆದುಕೊಂಡು ತಲೆಯಾದವು. ನಡೆಯಲಿಕ್ಕೆ ಇದ್ದ ಕಾಲುಗಳಲ್ಲಿ ಕೆಲವು ಮೀಸೆಯಾದವು, ಕೆಲವು ದವಡೆಯಾದವು. ಇದನ್ನು ಕಣ್ಣಾರೆ ಕಂಡವರಿಲ್ಲ. ಕಲ್ಲಾದ ಪ್ರಾಣಿಗಳೇ ಸಾಕ್ಷಿ. ಇಲ್ಲಿಗೆ ಒಪ್ಪಿಗೆ ಮುಗಿಯಿತು. ತಲೆಯಲ್ಲಿ ಐದು ಬಳೆ ಎಂದು ಮೊದಲ ಪಂಡಿತರು. ಆರು, ಆದರೆ ಒಂದು ಕಾಣುವುದಿಲ್ಲ, ಕಾಣದಿರುವುದೇ ಅದು ಇತ್ತೆಂಬುದಕ್ಕೆ ಆಧಾರ ಎಂದು ಎರಡನೆಯವರು. ಅಚ್ಚಿನ ಎರಡೂ ತುದಿಗೆ ಮೊರದಂಥ ಒಂದೊಂದು ತಟ್ಟೆ ಇದ್ದು, ಒಂದನ್ನು ಮುಚ್ಚಿ ಒಂದನ್ನು ತೋರಿಸಿದರೆ ಹೆತ್ತ ತಾಯಿಗೂ ಗುರುತು ಹತ್ತದು. ಮೊದಲ ಪಂಡಿತರು ತಲೆ ಬೀದಿಯ ಕಡೆ ಎಂದರು, ಎರಡನೆಯವರು ಮನೆಯ ಕಡೆ ಎಂದರು. ಆಮೇಲೆ ಇಬ್ಬರೂ ಒಬ್ಬರನ್ನೊಬ್ಬರು ಅಂದರು.

೫. ನಡೆಯುವ ಕಾಲುಗಳು ತಲೆಯ ಸಮೀಪ ಬಂದೊಡನೆ ತಿನ್ನುವ ದವಡೆಗಳಾಗುತ್ತವೆಂಬ ಸಿದ್ಧಾಂತವು ಕಲ್ಲಿನ ಪ್ರಾಣಿಗೆ ಮಾತ್ರ ಸಂಬಂಧಿಸಿದ್ದು. ಬಡ್ತಿ ಪಡೆದು ಸದರ (ಮುಖ್ಯ) ಕಚೇರಿಗೆ ಹೋದ ನೌಕರರಿಗೆ ಇದನ್ನು ಅನ್ವಯಿಸಿ ಚಹಾದ ಅಂಗಡಿಯಲ್ಲಿ ನಗತಕ್ಕದ್ದಲ್ಲ.

೬. ಸದರಿ ಬಳೆಗಳು ತಲೆಗೆ ಸೇರಿಕೊಂಡದ್ದು ಈ ಮಹಕಮೆ ಸ್ಥಾಪನೆಯಾಗುವ ಮೊದಲು, ಯಾರ ಪರವಾನಗಿಯನ್ನೂ ಪಡೆಯದೆ. ಆದದ್ದನ್ನು ಮನ್ನಿಸಲಾಗಿದೆ. ಇನ್ನು ಮುಂದೆ ಯಾವ ಬಳೆಯೂ ಪೂರ್ವಾನುಮತಿ ಇಲ್ಲದೆ ತಲೆಯಾಗತಕ್ಕದ್ದಲ್ಲ.

೭. ಮೊದಲ ಪಂಡಿತರ ಮುಖ್ಯ ಆಧಾರ ಬೀದಿಯ ಕಡೆಯ ತಟ್ಟೆಯ ಮೇಲಿದ್ದ ಎರಡು ಕೆಂಪು ಕಣ್ಣುಗಳಾಗಿದ್ದವು. ಇಷ್ಟು ಯುಗ ಕಳೆದರೂ ಬಣ್ಣ ಮಾಸದ ಕಣ್ಣು ಬೇರೆಲ್ಲೂ ಸಿಕ್ಕಿಲ್ಲವೆಂದು ಅವರು ಒಂದು ಪ್ರಬಂಧವನ್ನೂ ಬರೆದು ಕಳಿಸಿದರು. ಅಷ್ಟರಲ್ಲಿ ಜವಾನ ಅಬ್ದುಲ್ ಕರೀಂ ಬಿಸಿಲು ತಾಳದೆ ಕಲ್ಲಿನ ಮೇಲೆ ಒಂದು ತಂಬಿಗೆ ನೀರು ಸುರಿದು ಒದ್ದೆ ಅಂಗವಸ್ತ್ರದಿಂದ ಒರೆಸಲಾಗಿ, ಕಣ್ಣುಗಳು ಅಂಗವಸ್ತ್ರಕ್ಕೆ ಬಂದವು. ಆತನ ಜವಾಬು: “ಹುಜೂರ್, ನಾ ಒರಸೂತನಾ ಅವು ಕಣ್ಣ ಅಂತ ಯಾರೂ ಹೇಳಿಲ್ರಿ. ಗಯಾಬಾಯಿ ಅಕ್ಕ ಮ್ಯಾಲಿಂದ ನೋಡಿ, ‘ತಮ್ಮಾ, ಹ್ವಾದ ಅಮಾಸಿ ಕುಂಕಮಾ ಅಳಿಸಿದ್ಯಾ, ಹೋಗ್ಲಿ ಬಿಡು’ ಅಂದ್ಳು.” ಸರಕಾರಿ ಕಣ್ಣು ಎರಡು ನಷ್ಟ ಮಾಡಿದ್ದಕ್ಕಾಗಿ ಆತನಿಗೆ ತಾಕೀದು ಕೊಡಲಾಗಿದೆ. ಅಂಗವಸ್ತ್ರವನ್ನು ಜಪ್ತಿ ಮಾಡಿ ‘ಕಣ್ಣು, ಪುರಾತನ, ಒಂದು ಜೊತೆ’ ಎಂಬ ಚೀಟಿ ಹಚ್ಚಿ ಇಡಲಾಗಿದೆ.

೮. ಈ ನಡುವೆ ಗಯಾಬಾಯಿಯವರ ಮಗ ಬಂಡೆಪ್ಪನಿಗೆ ರಾಜೇಶ್ವರದ ವೈಜಿನಾಥ ಎಂಬವರ ಮಗಳು ಸರುಬಾಯಿಯೊಂದಿಗೆ ಲಗ್ನವಾಯಿತು. ಲಗ್ನ ರಾಜೇಶ್ವರದಲ್ಲಿ ಆದದ್ದರಿಂದ ಮಹಕಮೆ ಆಕ್ಷೇಪಿಸಲಿಲ್ಲ. ಆದರೆ ಹೊಸ ಸೊಸೆ ಹೊಸ್ತಿಲ ಮೇಲಿಟ್ಟ ಅಕ್ಕಿಯ ಸೇರನ್ನು ಬಲಗಾಲಿನಿಂದ ಉರುಳಿಸಿ ಒಳಗೆ ಬರುವ ವಾಡಿಕೆ ಇದ್ದು, ಹೊಸ್ತಿಲು ಹಗ್ಗದೊಳಗೆ ಇತ್ತು. ಸೊಸೆಯನ್ನು ಬೆಳಕಿಂಡಿಯಿಂದ ಇಳಿಸಬಹುದೆಂದೂ, ಸೇರನ್ನು ಮಾಳಿಗೆಯ ಮೇಲೆಯೇ ಒದೆಯಬಹುದೆಂದೂ ಹಿಂದಿನ ಸುತ್ತೋಲೆಯಲ್ಲಿ ಉದಾರವಾಗಿ ಸೂಚಿಸಲಾಗಿತ್ತು. ಅದಕ್ಕೆ ವೈಜಿನಾಥರ ಉತ್ತರ: “ನನ್ನ ಮಗಳೇನ ಬೆಕ್ಕ ಏನ್ರಿ, ಮಾಳಗಿ ಮ್ಯಾಲಿಂದ ಇಳೀಲಾಕ? ಬಾಗಲದಾಗ ಕರಕೊಂಡ್ರ ಬಿಡತೀನಿ. ಇಲ್ಲಂದ್ರ ಅದೇ ಬಂಡ್ಯಾಗ ತಿರುಗಿ ಒಯ್ತೀನಿ.” ಗಯಾಬಾಯಿ ಆ ದಿನ ಅರ್ಜಿ ಕೊಡಲಿಲ್ಲ. ಮಾಳಿಗೆಯ ಅಂಚಿನಲ್ಲಿ ಕುಳಿತು ಸೆರಗಿನ ತುದಿ ಹಿಂಡುತ್ತಿದ್ದರೆಂದು ಪಹರೆಯವನ ವರದಿ. ತಿರುಗಿ ಹೋದ ಸೊಸೆ ಮತ್ತೆ ಬಂದ ಉದಾಹರಣೆ ಆ ಊರಲ್ಲಿ ಇಲ್ಲವೆಂದೂ ಆತ ಕೇಳದೆಯೇ ಸೇರಿಸಿದ್ದಾನೆ.

೯. ಈ ತಿಂಗಳ ಹುಣ್ಣಿಮೆಯ ದಿನ ಇಳಿಹೊತ್ತಿಗೆ ಬಂಡಿ ಬಂದು ನಿಂತಿತು. ವೈಜಿನಾಥರು ಹಗ್ಗ ನೋಡಿದರು. ಎತ್ತುಗಳ ಕೊರಳು ಬಿಚ್ಚಗೊಡಲಿಲ್ಲ. ಒಳಗೆ ಗಯಾಬಾಯಿ ಆರತಿ ಹಿಡಿದು, ಸೇರನ್ನು ಕಲ್ಲಿನ ಒಳ ಅಂಚಿಗೆ ಇಟ್ಟು ನಿಂತಿದ್ದರು. ಸರುಬಾಯಿ ಬಂಡಿಯಿಂದ ಇಳಿದು, ಅಚ್ಚನ್ನು ಬಗ್ಗಿ ನೋಡಿ, ಪಹರೆಯವನನ್ನು ಕೇಳಿದ್ದು:

“ಅಣ್ಣಾ, ಇದು ಕಚ್ಚತದೇನು?”

“ಇಲ್ಲವ್ವ ತಂಗಿ. ಸತ್ತ ಭಾಳ ದಿನ ಆಗೇದಂತ.”

“ಮತ್ತ ಹಗ್ಗ ಯಾಕ ಕಟ್ಟೀರಿ?”

“ಅದರ ತಲಿ ಹುಡಕಾಕತ್ತಾರ.”

“ಸಿಕ್ಕಿಂದ ನನಗೂ ಹೇಳ್ರಿ,” ಎಂದು ಸದರಿ ಸರುಬಾಯಿ ಸೀರೆಯ ನಿರಿಗೆ ಎತ್ತಿ ಹಿಡಿದು, ಹಗ್ಗ ದಾಟಿ, ಬಲಗಾಲನ್ನು ಬೀದಿಯ ಕಡೆಯ ತಟ್ಟೆಯ ಮೇಲೆ ಊರಿ, ಸೇರು ಉರುಳಿಸಿ ಒಳಗೆ ಹೋದರು. ಅಕ್ಕಿ ಚೆಲ್ಲಿತು. ಗಯಾಬಾಯಿ ಸೊಸೆಗೆ ಆರತಿ ಎತ್ತುವ ಮೊದಲೇ ಆಕೆಯ ಎರಡೂ ಕೈ ಹಿಡಿದುಕೊಂಡದ್ದರಿಂದ ಆರತಿ ಕೆಳಗೆ ಬಿತ್ತು. ಪಹರೆಯವನು ಆ ಸಮಯದಲ್ಲಿ ಆಕಾಶ ನೋಡುತ್ತಿದ್ದುದಾಗಿ ಹೇಳಿಕೆ ಕೊಟ್ಟಿದ್ದಾನೆ. ಏನು ಕಂಡಿತೆಂದು ಕೇಳಲಾಗಿ, “ಆಕಾಶ” ಎಂದಿದ್ದಾನೆ.

೧೦. ಸದರಿ ಘಟನೆಯನ್ನು ಅಪರಾಧವೆಂದು ಎಣಿಸಿದರೆ ತಡೆಯದ ಮಹಕಮೆಯೂ ಅದರಲ್ಲಿ ಭಾಗಿಯಾಗುತ್ತದೆ. ಆದ್ದರಿಂದ ಅದನ್ನು ಪ್ರಯೋಗವೆಂದು ಎಣಿಸಲಾಗಿದೆ. ಮರ್ಯಾದಸ್ಥರ ಮನೆಯ ಹೆಣ್ಣುಮಗಳು ಹೊಸ ಮನೆಗೆ ಬರುವಾಗ ಯಾರ ತಲೆಯ ಮೇಲೂ ಕಾಲಿಡುವುದಿಲ್ಲವೆಂಬುದು ಲೋಕಪ್ರಸಿದ್ಧ. ಆಕೆ ಕಾಲಿಟ್ಟದ್ದು ಬೀದಿಯ ಕಡೆಯ ತುದಿಗೆ. ಆದಕಾರಣ ಬೀದಿಯ ಕಡೆಯದು ಬಾಲ, ಮನೆಯ ಕಡೆಯದು ತಲೆ ಎಂದು ಈ ಮೂಲಕ ನಿರ್ಣಯಿಸಲಾಗಿದೆ. ಜಗತ್ತಿನ ಬೇರೆ ಕಡೆಯ ಪಂಡಿತರು ತಮ್ಮ ಕಲ್ಲುಗಳನ್ನು ಇದಕ್ಕೆ ಸರಿಯಾಗಿ ತಿರುಗಿಸಿಕೊಳ್ಳತಕ್ಕದ್ದು.

೧೧. ತಲೆಯ ಬಳೆಗಳು ಐದೋ ಆರೋ ಎಂಬ ವಾದದಲ್ಲಿ ಇಬ್ಬರಿಗೂ ನೋವಾಗದಂತೆ ಐದೂವರೆ ಮಂಜೂರು ಮಾಡಲಾಗಿದೆ.

೧೨. ಹಗ್ಗ ಬಿಚ್ಚಲಾಗಿದೆ. ಒಳಗೆ ಬರುವವರಿಗೆ ಬಾಲ ಮೊದಲು ಸಿಗುವುದರಿಂದ ಯಾವ ಅಡ್ಡಿಯೂ ಇಲ್ಲ. ಹೊರಗೆ ಹೋಗುವವರಿಗೆ ತಲೆ ಮೊದಲು ಸಿಗುವುದರಿಂದ ಅವರು ಬೀದಿಗೆ ಬೆನ್ನು ಮಾಡಿ ಹಿಂದೆಹಿಂದೆ ನಡೆದು ಹೋಗತಕ್ಕದ್ದು. ನೋಡಿದವರಿಗೆ ಅವರು ಒಳಗೆ ಬರುತ್ತಿರುವಂತೆ ತೋರಬೇಕು. ಎಮ್ಮೆಗೆ ವಿನಾಯಿತಿ.

೧೩. ಇನ್ನು ಮುಂದೆ ಯಾವ ಪ್ರಾಣಿಯೂ ತಲೆ ಮತ್ತು ಬಾಲವನ್ನು ಒಂದೇ ತರಹ ಇಟ್ಟುಕೊಂಡು ಕಲ್ಲಾಗತಕ್ಕದ್ದಲ್ಲ. ತಪ್ಪಿದಲ್ಲಿ ಅದನ್ನು ಬರೀ ಕಲ್ಲೆಂದು ಪರಿಗಣಿಸಲಾಗುವುದು.

(ಸಹಿ)
ಮಹಾರುದ್ರಪ್ಪ
ಮೊಹತಮೀಮ್, ಪುರಾತನ ಕಲ್ಲುಗಳ ಮಹಕಮೆ
ಹುಮನಾಬಾದ ಠಾಣ್ಯ

ನಕಲುಗಳು:

ಮೊದಲ ಪಂಡಿತರಿಗೆ, ಎರಡನೆಯವರಿಗೆ ತೋರಿಸಬಾರದೆಂಬ ಸೂಚನೆಯೊಂದಿಗೆ.
ಎರಡನೆಯ ಪಂಡಿತರಿಗೆ, ಅದೇ ಸೂಚನೆಯೊಂದಿಗೆ.
ನಿರ್ಣಾ ಗ್ರಾಮದ ಚಾವಡಿಗೆ. ಅಲ್ಲಿ ಇಂಥ ಕಲ್ಲು ಇಲ್ಲದಿದ್ದರೂ ಎಚ್ಚರಿಕೆಗಾಗಿ.
ಗುಂಡಪ್ಪನಿಗೆ, ನಿಚ್ಚಣಿಕೆ ವಾಪಸು ಪಡೆಯುವ ಬಗ್ಗೆ.
ಸರುಬಾಯಿ ಅವರಿಗೆ, ವಿಳಾಸದಲ್ಲಿ ರಾಜೇಶ್ವರ ಎಂದು ಬರೆದದ್ದನ್ನು ಹೊಡೆದು ಘಾಟಬೋರಾಳ ಎಂದು ತಿದ್ದಲಾಗಿದೆ.