ಒಂದು ಗೀರೂ ಬೀಳದ ಹಾಗೆ

ನನ್ನ ಅಣ್ಣ ಯಾರ ಮಾತನ್ನೂ ಕೇಳಿದವನಲ್ಲ. ತುಕ್ಕು ಹಿಡಿದ ಬೋಲ್ಟಿನ ಮಾತು ಮಾತ್ರ ಕೇಳುತ್ತಿದ್ದ! ಬಿಚ್ಚಲು ಬಾರದ ಬೋಲ್ಟಿಗೆ ಮರದ ಸುತ್ತಿಗೆಯಿಂದ ಟಕ್ ಟಕ್ ಎಂದು ತಟ್ಟಿ, ಕಿವಿ ಹಚ್ಚಿ, ಕಣ್ಣು ಮುಚ್ಚಿ ಕುಳಿತುಬಿಡುತ್ತಿದ್ದ. ಎದ್ದ ಮೇಲೆ "ಇನ್ನೂ ಸಿಟ್ಟಿನಲ್ಲಿ ಉಂಟು" ಎಂದು ವರದಿ ಕೊಡುತ್ತಿದ್ದ. ನಮ್ಮೂರು ಕಡಿಯಾಳಿಯ ಅರ್ಧ ಜನರಿಗೆ ಅವನು ಸೋಮಾರಿ, ಇನ್ನರ್ಧಕ್ಕೆ ಹುಚ್ಚ. ನನಗೆ? ಎರಡೂ!

ಎಪ್ಪತ್ತರ ದಶಕದ ಕೊನೆಯ ಮಾತು. ಅಣ್ಣನದು ಒಂದೇ ಬಾಗಿಲಿನ ರಿಪೇರಿ ಅಂಗಡಿ. ಐದನೆಯ ತರಗತಿಗೇ ಶಾಲೆ ಬಿಟ್ಟ ನಾನು ಅದರ ಮೂಲೆಯಲ್ಲಿ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದೆ. ಕಟ್ಟಿದ ಬೀಡಿ ಒಪ್ಪಿಸುವ ಬ್ರಾಂಚು ಸಂಜೆ ಬಾಗಿಲು ಹಾಕುವುದರೊಳಗೆ ಸಾವಿರ ಮುಗಿಯಬೇಕು. ಬೆರಳು ಓಡುತ್ತಿತ್ತು, ಕಾಲು ಅಲುಗುತ್ತಿತ್ತು, ಕಣ್ಣು ಗಡಿಯಾರದ ಮೇಲೆ. ಎದುರಿಗೆ ಈ ಮಹಾಶಯ ಕೋಳಿಪುಕ್ಕವನ್ನು ಎಣ್ಣೆಯಲ್ಲಿ ಅದ್ದಿ, ಗಂಟೆಗೊಂದು ತೊಟ್ಟು! ಅದನ್ನು ನೋಡುತ್ತಾ ಯಾರ ತಲೆ ನೆಟ್ಟಗೆ ಉಳಿದೀತು?

ಕಾಪು ಕಡೆಯ ಸೈಕಲ್ಲುಗಳೆಲ್ಲ ಸಮುದ್ರದ ಗಾಳಿಗೆ ತುಕ್ಕು ಹಿಡಿದೇ ಬರುತ್ತಿದ್ದವು. ಒಬ್ಬರು ಬಂದು, "ಸೀಟು ಸ್ವಲ್ಪ ಮೇಲೆ ಮಾಡಿ ಕೊಡಿ, ಐದು ನಿಮಿಷದ ಕೆಲಸ" ಎಂದರು.

"ಸೋಮವಾರ ಬನ್ನಿ."

"ಇವತ್ತು ಎಂತ ವಾರ?"

"ಮಂಗಳವಾರ."

ಪಾಪ, ಆ ಮನುಷ್ಯ ಕಾಪುವಿಗೆ ಬಸ್ಸಿನಲ್ಲಿ ಹೋದರು. ಆದರೆ ಸೋಮವಾರ ಸೈಕಲ್ಲು ನೋಡಿದವರಿಗೆ ಅದನ್ನು ಬಿಚ್ಚಿದ ಗುರುತೇ ಸಿಗಲಿಲ್ಲ. ಅಣ್ಣನ ಹಟ ಅದೇ. ಬಿಚ್ಚುವುದು ಯಾರಿಗಾದರೂ ಬರುತ್ತದೆ, ಹೊಳಪು ಕೆಡದ ಹಾಗೆ ಬಿಚ್ಚಬೇಕು.

ಮಣಿಪಾಲದ ಡಾಕ್ಟರೊಬ್ಬರು ಸ್ಕೂಟರಿನ ಕನ್ನಡಿಯ ಕ್ರೋಮ್ ನಟ್ಟಿಗಾಗಿ ಮೂರು ಸಲ ಬಂದು ಹೋಗಿ, ಕೊನೆಗೆ ಸಿಡುಕಿದರು. "ಎಂತ ಮಾರಾಯ, ಹೊಟ್ಟೆ ಕೊಯ್ದು ಹೊಲಿಯಲಿಕ್ಕೆ ನನಗೆ ಇಷ್ಟು ಹೊತ್ತು ಬೇಡ!"

"ಅಲ್ವಾ ಡಾಕ್ಟ್ರೇ? ಹೊಟ್ಟೆಗಾದರೆ ಹೊಲಿಗೆ ಉಂಟು. ಕ್ರೋಮಿಗೆ ಎಲ್ಲಿ ಉಂಟು?"

ಹೆಣ್ಣು ನೋಡಲು ಕಾರ್ಕಳಕ್ಕೆ ಹೋದದ್ದು ಇನ್ನೂ ಚಂದ. ಕೈಕಾಲು ತೊಳೆಯಲೆಂದು ಅಂಗಳಕ್ಕೆ ಇಳಿದವನಿಗೆ ಅಲ್ಲಿನ ಹಿತ್ತಾಳೆಯ ನಲ್ಲಿ ಕಚ್ಚಿಕೊಂಡು ನಿಂತದ್ದು ಕಂಡಿತು. ಮುಗಿಯಿತು! ಹುಡುಗಿ ಬಂದಳು, ಕಾಫಿ ಕೊಟ್ಟಳು, ಒಳಗೆ ಹೋದಳು. ಇವನು ನಲ್ಲಿಗೆ ಕಿವಿ ಹಚ್ಚಿಕೊಂಡೇ ಇದ್ದ. ಬಸ್ಸಿನಲ್ಲಿ ನಾನು, "ಹುಡುಗಿ ಹೇಗಿದ್ದಾಳೆ ಅಣ್ಣ?" ಎಂದರೆ, "ಯಾವ ಹುಡುಗಿ?" ಎನ್ನಬೇಕೇ! ಸಂಬಂಧ ಅಲ್ಲಿಗೇ ನಿಂತಿತು. ಆ ನಲ್ಲಿಯಲ್ಲಿ ನೀರು ಮಾತ್ರ ಚೆನ್ನಾಗಿ ಬರುತ್ತಿದೆಯಂತೆ.

ಇಷ್ಟು ಹೊತ್ತು ನಗಿಸಿದೆ. ಇನ್ನು ನನ್ನ ತಪ್ಪು ಹೇಳದೆ ವಿಧಿಯಿಲ್ಲ.

ಕಾಪುವಿನಿಂದ ಬ್ಯಾರಿ ಮನೆಯ ಒಬ್ಬರು ಅಜ್ಜಿ ಬಂದರು. ಅಣ್ಣ ಅವರನ್ನು ಅವರ ಮಾತಿನಲ್ಲೇ ಉಮ್ಮ, ಅಂದರೆ ಅಮ್ಮ, ಎಂದು ಕರೆಯುತ್ತಿದ್ದ; ಅವರಿಗೆ ಇವನು ಮೋನು, ಮಗ. ಸೆರಗಿನ ಗಂಟಿನಿಂದ ಹೆಬ್ಬೆರಳಿನಷ್ಟು ಉದ್ದದ ಬೆಳ್ಳಿಯ ಸುರ್ಮಾ ಕುಪ್ಪಿಯನ್ನು ತೆಗೆದರು. ಮೈತುಂಬ ಸಣ್ಣ ಹೂವಿನ ಕೆತ್ತನೆ. ತಿರುಪಿನ ಮುಚ್ಚಳಕ್ಕೆ ಕಿಲುಬು ಹಿಡಿದು ಕಲ್ಲಾಗಿತ್ತು. ಅವರ ಮದುವೆಯ ದಿನ ಅವರ ತಾಯಿ ಆ ಕುಪ್ಪಿಯಿಂದಲೇ ಕಣ್ಣಿಗೆ ಸುರ್ಮಾ ಹಚ್ಚಿದ್ದರಂತೆ. ಈಗ ಮೊಮ್ಮಗಳ ಮದುವೆ.

"ಮೋನೇ, ನಾನು ಸಾಯುವ ಮೊದಲು ಆದೀತಾ?"

"ನೀವು ಅವಸರ ಮಾಡದಿದ್ದರೆ ಆದೀತು ಉಮ್ಮ."

ಅಜ್ಜಿ ನಕ್ಕು ಅವನ ಬೆನ್ನಿಗೊಂದು ಗುದ್ದಿದರು. ಅಣ್ಣ ನಗಲಿಲ್ಲ. "ಒಂದು ಗೀರು ಬಿದ್ದರೆ ನಾನು ಮತ್ತೆ ಬೆಳ್ಳಿ ಮುಟ್ಟುವುದಿಲ್ಲ" ಎಂದ.

ನಾಲ್ಕು ದಿನ ಬಿಸಿ ಬಟ್ಟೆ, ತೆಂಗಿನೆಣ್ಣೆ, ಪುಕ್ಕ. ಐದನೆಯ ದಿನ ಅವನಿಗೆ ಕಲ್ಯಾಣಪುರಕ್ಕೆ ಹೋಗಬೇಕಾಯಿತು. "ಬಟ್ಟೆ ಆರಿದ ಹಾಗೆ ಬದಲಿಸು. ಗಂಟೆಗೊಂದು ತೊಟ್ಟು ಹಾಕು. ಬೇರೆ ಎಂತದ್ದೂ ಮಾಡಬೇಡ" ಎಂದು ಹೇಳಿ ಹೋದ.

ಎರಡು ಗಂಟೆ ಹಾಗೆಯೇ ಮಾಡಿದೆ. ಬಟ್ಟೆ ಬದಲಿಸುವಾಗೆಲ್ಲ ಎಲೆ ಕೈಜಾರುತ್ತಿತ್ತು, ಲೆಕ್ಕ ತಪ್ಪುತ್ತಿತ್ತು, ಬ್ರಾಂಚಿನ ಹೊತ್ತು ಹತ್ತಿರವಾಗುತ್ತಿತ್ತು. ಗೋಡೆಯ ಮೊಳೆಯಲ್ಲಿ ಇಕ್ಕುಳ ನೇತಾಡುತ್ತಿತ್ತು. ಒಂದೇ ತಿರುವು. ಕಟಕ್! ತೆರೆದೇ ಹೋಯಿತು! ನಾಲ್ಕು ದಿನದಲ್ಲಿ ಅಣ್ಣನಿಂದ ಆಗದ್ದು ನನ್ನಿಂದ ಒಂದು ಗಳಿಗೆಯಲ್ಲಿ ಆಯಿತೆಂದು ಹಿಗ್ಗಿದೆ. ಮುಚ್ಚಳವನ್ನು ಬೆಳಕಿಗೆ ಹಿಡಿದಾಗ ಹೂವಿನ ಮೇಲೆ ಅಡ್ಡಕ್ಕೆ ನಾಲ್ಕು ಹಲ್ಲಿನ ಗುರುತು.

ಅಣ್ಣ ಬಂದ. ಕುಪ್ಪಿ ನೋಡಿದ. ತುಂಬ ಹೊತ್ತು ನೋಡಿದ.

"ಯಾರಾದರೂ ಬಂದಿದ್ದರಾ?"

"ಬೆಕ್ಕು ಬಂದಿತ್ತು" ಎಂದೆ.

ಬೆಕ್ಕು ಇಕ್ಕುಳ ಹಿಡಿಯುತ್ತದೆಯೇ? ಸುಳ್ಳು ಹೇಳುವುದಕ್ಕೂ ಸ್ವಲ್ಪ ಓದಿರಬೇಕು! ಅಣ್ಣ "ಹೌದಾ" ಎಂದನಷ್ಟೆ. ಮರುದಿನ ಬಂದ ಅಜ್ಜಿ ಆ ಗುರುತಿನ ಮೇಲೆ ಬೆರಳಾಡಿಸಿದಾಗ, "ನನ್ನ ಕೈ ಜಾರಿತು ಉಮ್ಮ" ಎಂದ. ನಾನು ತಲೆ ತಗ್ಗಿಸಿ ಬೀಡಿ ಕಟ್ಟುತ್ತಲೇ ಇದ್ದೆ. ಆ ದಿನ ಸಾವಿರಕ್ಕಿಂತ ಹೆಚ್ಚೇ ಕಟ್ಟಿದೆ.

ಅಣ್ಣ ಮಾತು ಉಳಿಸಿಕೊಂಡ. ಮತ್ತೆ ಬೆಳ್ಳಿ ಮುಟ್ಟಲಿಲ್ಲ. ಯಾರಾದರೂ ನಾಜೂಕಿನ ವಸ್ತು ತಂದರೆ "ನನ್ನ ಕೈ ಜಾರುತ್ತದೆ" ಎಂದು ವಾಪಸು ಕಳಿಸುತ್ತಿದ್ದ. ಬರೀ ಸೈಕಲ್ಲು, ಸ್ಟವ್ವು. ಬೋಲ್ಟಿಗೆ ಕಿವಿ ಹಚ್ಚುವುದೂ ಕಡಿಮೆಯಾಯಿತು. ಜನ "ಈಗ ಸ್ವಲ್ಪ ಸರಿಯಾಗಿದ್ದಾನೆ" ಎನ್ನುತ್ತಿದ್ದರು. ನಿಜ ಗೊತ್ತಿದ್ದ ನಾನು ಬಾಯಿ ಬಿಡಲಿಲ್ಲ. ಎರಡು ವರ್ಷ!

ಒಂದು ದಿನ ಅಂಗಡಿ ಗುಡಿಸುವಾಗ ಆ ಇಕ್ಕುಳ ಕೈಗೆ ಬಂತು. ನಾನು ಅದನ್ನು ಮತ್ತೆ ಮುಟ್ಟುವುದಿರಲಿ, ಆ ಮೊಳೆಯ ಕಡೆ ನೋಡಿಯೂ ಇರಲಿಲ್ಲ. ಅದರ ಎರಡೂ ದವಡೆಗಳಿಗೆ ಮೆತ್ತನೆಯ ಚರ್ಮ ಹೊಲಿದಿತ್ತು, ಸಣ್ಣ ಸಣ್ಣ ಹೊಲಿಗೆ.

"ಇದನ್ನು ಯಾವಾಗ ಹೊಲಿದೆ ಅಣ್ಣ?"

"ಉಮ್ಮ ಕುಪ್ಪಿ ತಗೊಂಡು ಹೋದ ದಿನವೇ." ಅವನು ತಲೆ ಎತ್ತಲಿಲ್ಲ. "ನಿನಗೆ ಕಾಯಲಿಕ್ಕೆ ಆಗುವುದಿಲ್ಲ ಅಲ್ವಾ?"

ಮರುದಿನ ಮೊದಲ ಬಸ್ಸಿಗೆ ಕಾಪುವಿಗೆ ಹೋದೆ. ಅಜ್ಜಿಯ ಎದುರು ಎಲ್ಲವನ್ನೂ ಹೇಳಿದೆ. ಅವರು ಬಯ್ಯಲಿಲ್ಲ. ಒಳಗಿನಿಂದ ಅದೇ ಕುಪ್ಪಿ ತಂದು ನನ್ನ ಕೈಯಲ್ಲಿಟ್ಟರು. "ಮತ್ತೆ ಕಚ್ಚಿಕೊಂಡಿದೆ. ಅವನಿಗೇ ಕೊಡು. ಅವನ ಕೈ ಜಾರಲಿಲ್ಲ ಎಂದು ಉಮ್ಮ ಹೇಳಿದರು ಎನ್ನು."

ಅಣ್ಣ ಕುಪ್ಪಿಯನ್ನು ಮುಟ್ಟದೆ ನನ್ನನ್ನೇ ನೋಡಿದ.

"ಉಮ್ಮನಿಗೆ ಹೇಳಿದೆಯಾ?"

"ಹೇಳಿದೆ."

"ಬೆಕ್ಕಿನ ವಿಷಯ?"

"ಅದನ್ನೂ."

ಅವನು ಪಂಚೆಗೆ ಕೈ ಒರೆಸಿಕೊಂಡು ಕುಪ್ಪಿ ಎತ್ತಿಕೊಂಡ. ಕಣ್ಣು ಮುಚ್ಚಿ ಕಿವಿಗೆ ಹಿಡಿದ. ಆಮೇಲೆ ಕೋಳಿಪುಕ್ಕವನ್ನು ನನ್ನ ಕೈಗೆ ಕೊಟ್ಟ.

"ಯಾವಾಗ ಆಗ್ತದೆ ಅಣ್ಣ?"

"ಸೋಮವಾರ."

ಇವತ್ತು ಎಂತ ವಾರ ಎಂದು ನಾನು ಕೇಳಲಿಲ್ಲ. ಮೊರವನ್ನು ಪಕ್ಕಕ್ಕೆ ಸರಿಸಿ ಅವನ ಹತ್ತಿರ ಕುಳಿತೆ.