ಇಪ್ಪತ್ತು ಎಲೆಯ ದೇಶಮರ

ರಾಷ್ಟ್ರದಿನಕ್ಕೆ ನನ್ನ ಮಗಳು ಒಯ್ಯುವ ಮರವನ್ನು ಕಂಡು ಇಡೀ ಶಾಲೆ ಮೂಗಿನ ಮೇಲೆ ಬೆರಳಿಡಬೇಕು ಎಂದು ಶನಿವಾರ ಬೆಳಿಗ್ಗೆ, ಹಲ್ಲುಜ್ಜುವ ಮೊದಲೇ, ತೀರ್ಮಾನಿಸಿಬಿಟ್ಟೆ. ನಾನು ನಕ್ಷೆ ಬರೆದು ಹೊಟ್ಟೆ ಹೊರೆಯುವವನು. ಊರಿನ ಅರ್ಧದಷ್ಟು ಮೋರಿಗಳು, ಎರಡು ಸೇತುವೆ ಮತ್ತು ಬಸ್ ನಿಲ್ದಾಣದ ಶೌಚಾಲಯ ನನ್ನ ಪೆನ್ಸಿಲಿನ ತುದಿಯಿಂದ ಇಳಿದು ಬಂದವು. ಸೇತುವೆ ನಿಲ್ಲಿಸಿದ ಕೈಗೆ ಕಾಗದದ ಮರ ಯಾವ ಲೆಕ್ಕ?

ಶಾಲೆಯಿಂದ ಬಂದ ಚೀಟಿಯಲ್ಲಿ ಹೀಗಿತ್ತು: "ದೇಶ ಒಂದು ಮರ, ಮಕ್ಕಳು ಅದರ ಎಲೆಗಳು. ದೊಡ್ಡ ಹಾಳೆಯ ಮೇಲೆ ಕಾಂಡ, ಕೊಂಬೆ ಬರೆದುಕೊಡಿ. ಮಗು ಅಂಗೈಗೆ ಹಸಿರು ಬಣ್ಣ ಹಚ್ಚಿಕೊಂಡು ಎಲೆಗಳನ್ನು ಒತ್ತಲಿ. ಮಗು ಕೈಯಾರೆ ಮಾಡಿದ್ದನ್ನು ಮಾತ್ರ ತರಗತಿಯ ಗೋಡೆಗೆ ಅಂಟಿಸಲಾಗುವುದು."

ಚೀಟಿಯನ್ನು ಮೂರು ಸಲ ಓದಿದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ ನಾನು. ಸೂಚನೆಗೆ ಅಡಿಗೆರೆ ಎಳೆಯದೆ ಯಾವ ಕೆಲಸಕ್ಕೂ ಕೈ ಹಾಕಿದವನಲ್ಲ. ನಮ್ಮ ಹಳ್ಳಿಯ ಶಾಲೆಯಲ್ಲಿ ರಾಷ್ಟ್ರದಿನವೆಂದರೆ ಬಿಸಿಲಲ್ಲಿ ಎರಡು ಗಂಟೆ ನಿಲ್ಲುವುದು, ಕೊನೆಗೊಂದು ಪೆಪ್ಪರಮೆಂಟು. ಬಣ್ಣ, ಬ್ರಷ್ಷು, ಅಂಟು ಎಲ್ಲ ಮೇಷ್ಟರ ಬೀರುವಿನೊಳಗೆ ಬೀಗ ಹಾಕಿಸಿಕೊಂಡು ಕೂತ ವಸ್ತುಗಳು. ಹಾಗಾಗಿ ನನ್ನ ಉತ್ಸಾಹಕ್ಕೆ ಮೂವತ್ತು ವರ್ಷದ ಹಸಿವಿತ್ತು.

ಐದು ವರ್ಷದ ಮಗಳ ಚಿಂತೆಯೇ ಬೇರೆ. ಹಿಂದಿನ ಎರಡು ಸಲವೂ ಅವಳು ಮಾಡಿದ್ದು ಗೋಡೆ ಏರದೆ, ಚೀಲದಲ್ಲಿ ಮಡಚಿಕೊಂಡು ಮನೆಗೆ ಬಂದಿತ್ತು.

"ಅಪ್ಪ, ಈ ಸಲ ನಂದು ಗೋಡೆ ಮೇಲೆ ಇರುತ್ತಾ?"

"ಗೋಡೆ ಇರೋವರೆಗೂ ಇರುತ್ತೆ" ಎಂದೆ.

ಆ ಮಾತು ಉಳಿಸಿಕೊಳ್ಳಲು ಹೋಗಿಯೇ ಕೆಟ್ಟೆ. ಶಾಲೆಯವರು ಕೊಟ್ಟಿದ್ದ ಬಣ್ಣದ ಡಬ್ಬಿ ತೆರೆದು ಬೆರಳು ಅದ್ದಿ, ನಲ್ಲಿಯ ಕೆಳಗೆ ಹಿಡಿದೆ. ಬಣ್ಣ ಹೇಳದೆ ಕೇಳದೆ ಹೊರಟೇಹೋಯಿತು. ಛೆ, ದೇಶದ ಎಲೆ ಒಂದು ಚೊಂಬು ನೀರಿಗೆ ಅಳಿಸಿಹೋಗಬಹುದೇ? ಮೆಟ್ಟಿಲ ಕೆಳಗೆ, ಗೇಟಿಗೆ ಬಳಿದು ಉಳಿದಿದ್ದ ಹಸಿರು ಆಯಿಲ್ ಪೇಂಟ್ ಇತ್ತು. ನಾಲ್ಕು ವರ್ಷದ ಮಳೆ, ಬಿಸಿಲು, ಹಾಲಿನವನ ಸೈಕಲ್ಲು ಎಲ್ಲವನ್ನೂ ತಡೆದುಕೊಂಡ ಬಣ್ಣ. ನರ್ಸ್ ಆಗಿರುವ ಹೆಂಡತಿ ಬೆಳಗಿನ ಪಾಳಿಗೆ ಹೋಗಿದ್ದರಿಂದ ಬೇಡ ಎನ್ನುವವರು ಮನೆಯಲ್ಲಿ ಯಾರೂ ಇರಲಿಲ್ಲ.

ಕಾಂಡ ಬರೆದೆ. ಎಡಕ್ಕೆ ಹತ್ತು, ಬಲಕ್ಕೆ ಹತ್ತು ಎಲೆ ಬರುವಂತೆ ಅಳತೆಪಟ್ಟಿ ಇಟ್ಟು ಇಪ್ಪತ್ತು ವೃತ್ತ ಹಾಕಿದೆ. ಮಗಳು ಮೊದಲ ಅಂಗೈಯನ್ನೇ ವೃತ್ತದ ಆಚೆ ಒತ್ತಿದಳು.

"ಪುಟ್ಟಿ, ವೃತ್ತದೊಳಗೆ."

"ಮರದಲ್ಲಿ ವೃತ್ತ ಇರಲ್ಲ ಅಪ್ಪ."

"ನಕ್ಷೇಲಿ ಇರುತ್ತೆ."

"ಹಾಗಾದ್ರೆ ಇದು ಮರ ಅಲ್ವಾ?"

ಕೆಳಗಿನ ಕೊಂಬೆಗೆ ಏಳು ಎಲೆ ಬರುವಷ್ಟರಲ್ಲಿ ಗಂಟೆ ಹನ್ನೆರಡಾಯಿತು. ಒಂದೊಂದಕ್ಕೂ ನಾನು ಬಗ್ಗಿ ನೋಡಿ ಕೋನ ಸರಿಪಡಿಸುತ್ತಿದ್ದೆ. ಎಂಟನೆಯದಕ್ಕೆ ಬಣ್ಣ ಕಲಕಿ ತಿರುಗಿದರೆ, ಅವಳು ಚಾಪೆಯ ಮೇಲೆ ಗಾಢ ನಿದ್ದೆಯಲ್ಲಿದ್ದಳು. ಹಸಿರು ಅಂಗೈಗೆ ಅಂದಿನ ಪತ್ರಿಕೆಯ ಕ್ರೀಡಾಪುಟ ಅಂಟಿಕೊಂಡಿತ್ತು.

ಹದಿಮೂರು ವೃತ್ತಗಳು ಬಾಯಿ ತೆರೆದುಕೊಂಡು ನನ್ನನ್ನೇ ನೋಡಿದವು. ಚೀಟಿಯನ್ನು ನಾಲ್ಕನೇ ಸಲ ಓದಿದೆ. 'ಕೈಯಾರೆ' ಎಂದಿತ್ತು, ಸರಿ. ಆದರೆ ಆ ಕೈ ಕೊಟ್ಟವನು ಯಾರು? ನಾನೇ ತಾನೇ? ಮೇಲಧಿಕಾರಿ ರಜೆಯಲ್ಲಿದ್ದಾಗ ಅವರ ಪರವಾಗಿ ಸಹಿ ಹಾಕುವವರಿಲ್ಲವೇ? ಹೀಗೆ ಕಾನೂನಿನ ಬೆಂಬಲ ಪಡೆದು, ನನ್ನ ಬಲ ಅಂಗೈಗೆ ಬಣ್ಣ ಬಳಿದುಕೊಂಡು, ಬೆರಳುಗಳನ್ನು ಅರ್ಧಕ್ಕೆ ಎತ್ತಿ, ಆದಷ್ಟು ಬಾಲ್ಯವನ್ನು ತಂದುಕೊಂಡು ಒತ್ತಿದೆ. ಹದಿಮೂರೂ ವೃತ್ತದೊಳಗೇ ಬಿದ್ದವು.

ಮೂರು ಗಂಟೆಗೆ ಹೆಂಡತಿ ಬಂದಳು. ಸೊಂಟಕ್ಕೆ ಕೈಕೊಟ್ಟು ಮರವನ್ನು ಮೇಲಿಂದ ಕೆಳಗೆ ನೋಡಿದಳು.

"ಚೆನ್ನಾಗಿದೆ ರೀ. ಆದ್ರೆ ಈ ಎಲೆಗಳಿಗೆಲ್ಲ ಉಂಗುರ ಯಾವಾಗ ಹಾಕಿಸಿದ್ರಿ?"

ಬಗ್ಗಿ ನೋಡಿದೆ. ಹದಿಮೂರು ಎಲೆಗಳ ಉಂಗುರದ ಬೆರಳಿನಲ್ಲಿ ಹದಿಮೂರು ಬಿಳಿ ಪಟ್ಟಿ. ನಮ್ಮ ಮದುವೆಯ ಉಂಗುರ.

"ದೂರದಿಂದ ನೋಡಿದ್ರೆ ಗೊತ್ತಾಗಲ್ಲ ಬಿಡು."

"ಎಷ್ಟು ದೂರದಿಂದ? ಪಕ್ಕದ ಊರಿಂದನಾ?"

ಅಷ್ಟರಲ್ಲಿ ಅವಳ ಕಣ್ಣು ಡಬ್ಬಿಯ ಮೇಲೆ ಬಿತ್ತು. ಆಮೇಲೆ ಮಗಳ ಕೈ ಮೇಲೆ. ನರ್ಸ್‌ಗಳಿಗೆ ಕಿರುಚದೆಯೇ ಮನುಷ್ಯರನ್ನು ಗೋಡೆಗೆ ಒರಗಿಸುವ ವಿದ್ಯೆ ಗೊತ್ತಿರುತ್ತದೆ.

"ಇದು ಗೇಟಿನ ಪೇಂಟ್ ಅಲ್ವಾ?"

"ಬಾಳಿಕೆ ಬರಲಿ ಅಂತ..."

"ಯಾರು, ಮಗುನಾ?"

ಅವಳು ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅಡುಗೆ ಎಣ್ಣೆ ಹಚ್ಚಿ, ಹತ್ತಿಯಲ್ಲಿ ಒಂದು ಗಂಟೆ ನಿಧಾನವಾಗಿ ಒರೆಸಿದಳು. ಕ್ರೀಡಾಪುಟವೇ ಅರ್ಧ ಬಣ್ಣ ಹೀರಿಕೊಂಡಿದ್ದರಿಂದ ಪುಣ್ಯಕ್ಕೆ ಮಗುವಿನ ಕೈ ಶುದ್ಧವಾಯಿತು. ನಾನು ಮೆಲ್ಲಗೆ ನನ್ನ ಕೈ ಚಾಚಿದೆ.

"ನಿಮ್ದು ನೀವೇ ನೋಡ್ಕೊಳ್ಳಿ" ಎಂದು ಎದ್ದುಹೋದಳು.

ಸೋಪು, ಪಾತ್ರೆ ತಿಕ್ಕುವ ಪುಡಿ, ಸೀಮೆಎಣ್ಣೆ, ಕೊನೆಗೆ ಹಿತ್ತಿಲ ಕಲ್ಲು. ಭಾನುವಾರವಿಡೀ ಉಜ್ಜಿದೆ. ಹದಿಮೂರು ಪದರ ಬಳಿಸಿಕೊಂಡ ಅಂಗೈ ಗೇಟಿನಷ್ಟೇ ನಿಷ್ಠೆಯಿಂದ ಹಸಿರಾಗಿ ಉಳಿಯಿತು.

ಸೋಮವಾರ ರಾಷ್ಟ್ರದಿನ. ಬಲಗೈಯನ್ನು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡೇ ಹೆಂಡತಿ, ಮಗಳ ಜೊತೆ ಶಾಲೆಗೆ ಹೋದೆ. ತರಗತಿಯ ಟೀಚರ್ ಬಾಗಿಲಲ್ಲೇ ಮರವನ್ನು ತೆಗೆದುಕೊಂಡರು.

"ಎಲ್ಲ ಪುಟ್ಟಿನೇ ಮಾಡಿದ್ಲಾ ಸಾರ್?"

"ಎಲ್ಲಾ ಅವಳದೇ ಮೇಡಂ" ಎಂದೆ. ಹೆಂಡತಿ ನೆಲ ನೋಡಿದಳು.

ಎಲ್ಲರೂ ಅಂಗಳದಲ್ಲಿ ಸೇರಿದೆವು. ನಾನು ಎಂದಿನ ಶ್ರದ್ಧೆಯಿಂದ ಮೊದಲ ಸಾಲಿನಲ್ಲಿ ನಿಂತಿದ್ದೆ. ಬಾವುಟ ಮೇಲೇರಿತು. ಎಲ್ಲರ ಕೈಯೂ ಹಣೆಗೆ ಹೋಯಿತು. ನನ್ನದು ಜೇಬಿನಲ್ಲೇ ಬೆವರಿತು. ಒಂದು ಕ್ಷಣ ಯೋಚಿಸಿ ಎಡಗೈ ಎತ್ತಿದೆ. ಹಿಂದಿನಿಂದ ಗೇಟ್ ಕಾಯುವವರು, ಸೈನ್ಯದಿಂದ ನಿವೃತ್ತರಾದ ಅಜ್ಜ, ಗಂಭೀರವಾಗಿ ಪಿಸುಗುಟ್ಟಿದರು: "ಸ್ವಾಮಿ, ಸಲ್ಯೂಟು ಬಲಗೈಲಿ."

ದೇಶ ದೊಡ್ಡದೋ ನನ್ನ ಮಾನ ದೊಡ್ಡದೋ? ಓದಿದ ಮನುಷ್ಯ, ಉತ್ತರ ಗೊತ್ತಿತ್ತು. ಬಲಗೈ ತೆಗೆದು, ಎದೆ ಸೆಟೆಸಿ, ಅಂಗೈ ಹೊರಗೆ ಕಾಣುವಂತೆ ಸಲ್ಯೂಟ್ ಹೊಡೆದೆ. ಎದುರಿನ ಸಾಲಿನಲ್ಲಿ ಹಾಡುತ್ತಿದ್ದ ಮೂವತ್ತು ಮಕ್ಕಳ ದನಿ ಒಮ್ಮೆ ತಗ್ಗಿತು.

"ಮಿಸ್, ಆ ಅಂಕಲ್ ಕೈ ಹಸಿರು" ಎಂದಿತು ಒಂದು ಮಗು.

ಟೀಚರ್ ನನ್ನ ಕೈ ನೋಡಿದರು. ಉಂಗುರ ನೋಡಿದರು.

ಹಾಡು ಮುಗಿದ ಮೇಲೆ ತರಗತಿಯಲ್ಲಿ ಅವರು ಮರವನ್ನು ಮೇಜಿನ ಮೇಲೆ ಹರಡಿ ಮಗಳನ್ನು ಕರೆದರು. "ಪುಟ್ಟಿ, ಇದ್ರಲ್ಲಿ ನಿನ್ನ ಎಲೆ ಯಾವ್ದಮ್ಮ?"

ಮಗಳು ಒಂದೊಂದನ್ನೇ ಮುಟ್ಟಿ ಏಳು ಎಣಿಸಿದಳು.

"ಮತ್ತೆ ಉಳಿದಿದ್ದು?"

"ಅದು ನಾನು ನಿದ್ದೆ ಮಾಡ್ತಿದ್ದಾಗ ಬೆಳೆದಿದ್ದು ಮಿಸ್."

ಕೂತಿದ್ದ ತಂದೆತಾಯಿಯರು ನಕ್ಕರು. ಮಗಳು ನಗಲಿಲ್ಲ. ಅವಳು ಟೀಚರ್ ಮುಖ ನೋಡಿದಳು, ಗೋಡೆ ನೋಡಿದಳು, ಕೆಳತುಟಿ ಮೆಲ್ಲಗೆ ಮುಂದೆ ಬಂತು. ಆ ತುಟಿಯನ್ನು ನೋಡಿದ ಮೇಲೆ ನನಗೆ ಕೂರಲಾಗಲಿಲ್ಲ.

"ಮೇಡಂ, ಆಗ ಸುಳ್ಳು ಹೇಳಿದೆ. ಹದಿಮೂರು ನಂದು. ಅವಳದು ಏಳೂ ನಿಜವಾಗ್ಲೂ ಅವಳದೇ. ನನ್ನಿಂದಾಗಿ ಅವಳದನ್ನ ವಾಪಸ್ ಕಳಿಸಬೇಡಿ."

ಟೀಚರ್ ಕತ್ತರಿ ತೆಗೆದರು. ಕೆಳಗಿನ ಕೊಂಬೆಯನ್ನು ಅದರ ಏಳು ಎಲೆಗಳ ಸಮೇತ ಕತ್ತರಿಸಿ, ಗೋಡೆಯ ಮೇಲೆ ಬಾಗಿಲ ಪಕ್ಕದಲ್ಲೇ ಅಂಟಿಸಿದರು. ವೃತ್ತ ದಾಟಿ ಓಡುತ್ತಿದ್ದ ಆ ಎಲೆಗಳಿಗೆ ಗಾಳಿ ಬೀಸಿದಂತಿತ್ತು. ನನ್ನ ಹದಿಮೂರು, ಹೇಳಬಾರದು, ಹರಾಜಿಗಿಟ್ಟ ಕೈಗವಸುಗಳ ಹಾಗಿದ್ದವು.

ಉಳಿದ ಮರವನ್ನು ನನ್ನ ಕೈಗೆ ಕೊಡುವ ಮುನ್ನ ಟೀಚರ್ ಮೇಜಿನ ಮೇಲಿದ್ದ ಮೊಹರೊಂದನ್ನು ಅದರ ಮೂಲೆಗೆ ಒತ್ತಿದರು. ಓದಿದೆ: "ಇನ್ನಷ್ಟು ಪ್ರಯತ್ನ ಬೇಕು." ಒಂದನೇ ತರಗತಿಯಿಂದ ಡಿಗ್ರಿಯವರೆಗೆ ಯಾವ ಮೇಷ್ಟರೂ ನನಗೆ ಬರೆಯದ ಮಾತು.

"ಫ್ರೇಮ್ ಹಾಕಿಸೋಣ ರೀ" ಎಂದಳು ಹೆಂಡತಿ.

ಮಗಳು ಬಂದು ನನ್ನ ಹಸಿರು ಕೈಯನ್ನು ಹಿಡಿದುಕೊಂಡಳು. ತುಂಬ ಕನಿಕರದಿಂದ ಹೇಳಿದಳು:

"ಪರವಾಗಿಲ್ಲ ಅಪ್ಪ. ಮುಂದಿನ ಸಲ ನೀನು ಮಲ್ಕೋ."