ನಿಂಬೆಹಣ್ಣಿನ ಮೇಲೆ ಹತ್ತಿದ ಕಂಪ್ಯೂಟರು

ಆವತ್ತಿನ ಫಜೀತಿಗೆಲ್ಲ ಕಾರಣ ಕಂಪ್ಯೂಟರಿನ ಪರದೆ ಮೇಲೆ ಮೂಡಿದ ಒಂದು ಪುಟ್ಟ ಕೆಂಪು ಗುರುತು.

ಕರಿಬಸವಯ್ಯನವರ ಮನೆ ಇದ್ದದ್ದು ಸಿದ್ಧಾರ್ಥನಗರದಲ್ಲಿ, ಕಂಪನಿಯ ಹೆಡ್ಡಾಫೀಸಿನ ಹಿಂದಿನ ಬೀದಿಯಲ್ಲೇ. ದುಡಿಯುತ್ತಿದ್ದದ್ದು ಮಾತ್ರ ಊರಿನ ಇನ್ನೊಂದು ತುದಿಯ ಹೂಟಗಳ್ಳಿ ಕಾರ್ಖಾನೆಯಲ್ಲಿ. ಹೇಗಾದರೂ ಮಾಡಿ ಹೆಡ್ಡಾಫೀಸಿಗೆ ವರ್ಗವಾಗಬೇಕು, ಮಧ್ಯಾಹ್ನ ಮನೆಗೆ ಹೋಗಿ ಬಿಸಿ ಮುದ್ದೆ ಉಂಡು ಒಂದು ಗಳಿಗೆ ಕಾಲು ಚಾಚಬೇಕು. ಅವರಿಗಿದ್ದ ಆಸೆ ಅದೊಂದೇ. ಯಂತ್ರಗಳ ನಕ್ಷೆಗಳೆಲ್ಲ ಅಲ್ಲಿನ ಕಂಪ್ಯೂಟರಿನಲ್ಲಿರುವುದರಿಂದ ತಾವೂ ಅಲ್ಲಿದ್ದರೇ ಅನುಕೂಲ ಎಂದು ಅರ್ಜಿ ಹಾಕಿದ್ದರು.

ಅಷ್ಟರಲ್ಲಿ ವಿಪಿಎನ್ ಬಂತು. ಇಂಟರ್ನೆಟ್ಟಿನೊಳಗೇ ಎರಡೂ ಆಫೀಸಿಗೆ ಮಾತ್ರ ಅಂತ ಕೊರೆದ ಸುರಂಗ. ನಕ್ಷೆಗಳಿರುವ ಅಲ್ಲಿನ ಡ್ರೈವು ಇಲ್ಲೇ ತೆರೆದುಕೊಳ್ಳುತ್ತದೆ. ಆಯುಧಪೂಜೆಯ ಹಿಂದಿನ ದಿನ ಪುಣೆಯ ಗಿರಾಕಿಗಳು ಬರುವವರಿದ್ದರು. ಮ್ಯಾನೇಜರ್ ಮಹದೇವಪ್ರಸಾದ್ ಕರಿಬಸವಯ್ಯನವರನ್ನು ಕರೆದು, "ಇಲ್ಲಿ ಕೂತೇ ಅಲ್ಲಿನ ನಕ್ಷೆ ತೆಗೆದು ತೋರಿಸ್ಬಿಡಿ. ನಿಮ್ಮ ವರ್ಗಾವಣೆ ಇವತ್ತೇ ತೀರ್ಮಾನ ಮಾಡ್ತೀನಿ" ಎಂದರು. ಕರಿಬಸವಯ್ಯನವರ ಮೂಗಿಗೆ ಆಗಲೇ ಮುದ್ದೆಯ ಘಮ ಬಡಿಯಿತು.

ಗಿರಾಕಿಗಳು ಬಂದು ಕೂತರು. ಡ್ರೈವಿನ ಮೇಲೆ ಒತ್ತಿದರೆ ಕೆಂಪು ಗುರುತು. ಸ್ಟೋರ್ಸಿನ ಪುಟ್ಟಸ್ವಾಮಿ ಕರೆಯದೇ ಬಂದು ವೈರು ಕಿತ್ತು ಊದಿ ಸಿಕ್ಕಿಸಿದ. ಇನ್ಯಾರೋ ಕಂಪ್ಯೂಟರಿನ ಬೆನ್ನು ತಟ್ಟಿದರು. ಅದು ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಹೆಡ್ಡಾಫೀಸಿಗೆ ಫೋನು ಮಾಡಿದರೆ ಎತ್ತಿದ್ದು ಅಕೌಂಟ್ಸಿನ ಮಂಜುಳಮ್ಮ.

"ಆಯುಧಪೂಜೆ ಅಲ್ವಾ ಕರಿಬಸವಯ್ಯನೋರೇ. ನಾಳೆ ರಜ ಅಂತ ಇವತ್ತೇ ಮಾಡ್ಬುಟ್ವಿ. ಕಂಪ್ಯೂಟರ್ ಆರಿಸಿ, ವಿಭೂತಿ ಹಚ್ಚಿ ಹೂವು ಮುಡಿಸಿದೀನಿ. ಇನ್ನು ಮುಟ್ಟೋದು ವಿಜಯದಶಮಿಗೇ."

ಗಿರಾಕಿಗಳಿಗೆ ಇನ್ನೊಂದು ಸುತ್ತು ಕಾಫಿ ಕೊಡಿಸಲು ಹೇಳಿ ಕರಿಬಸವಯ್ಯ ಸ್ಕೂಟರ್ ಹತ್ತಿದರು. ಊರು ತುಂಬ ದಸರಾ ಜನ. ಒಂದು ಸರ್ಕಲ್ಲಿನಲ್ಲಿ ಬಾಳೆಕಂದು ಕಟ್ಟಿಕೊಂಡ ಬಸ್ಸು ದಾರಿಗೆ ಅಡ್ಡ ನಿಂತು, ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸುತ್ತಿತ್ತು. ಪಕ್ಕದಲ್ಲಿ ನುಸುಳಲು ಹೋದ ಸ್ಕೂಟರು ಒಡೆದ ಬೂದುಗುಂಬಳಕಾಯಿ ಮೇಲೆ ಜಾರಿತು. ಕರಿಬಸವಯ್ಯ ಕುಂಕುಮದ ನೀರಿನಲ್ಲಿ ಮಿಂದೆದ್ದರು. ಎದ್ದಾಗ ಮಂಡಿ ನೋಯುತ್ತಿತ್ತು, ತಲೆಯಲ್ಲಿ ಮಾತ್ರ ಉಪಾಯವೊಂದು ಹೊಳೆದಿತ್ತು.

ಹೆಡ್ಡಾಫೀಸಿನಲ್ಲಿ ಕೆಂಪು ಅಂಗಿಯ ಅವತಾರ ಕಂಡು ಮಂಜುಳಮ್ಮ ಗಾಬರಿಯಿಂದ ನೀರು ತಂದರು. ಇವರು ಸ್ವಿಚ್ಚಿನ ಮಾತೆತ್ತುತ್ತಲೇ ಕಂಪ್ಯೂಟರಿಗೆ ಅಡ್ಡ ನಿಂತರು. ಪೂಜೆಗೆ ಕೂತದ್ದನ್ನು ಎಬ್ಬಿಸಿದರೆ ನಿಮಗೇ ಒಳ್ಳೆಯದಾಗುವುದಿಲ್ಲ ಎಂದರು.

"ಪೂಜೆ ಆದ ಬಸ್ಸು ಓಡಲ್ವೇನಮ್ಮ?"

"ನಿಂಬೆಹಣ್ಣಿನ ಮೇಲೆ ಹತ್ಸಿ ಓಡಿಸ್ತಾರೆ."

"ಇದನ್ನೂ ಹತ್ಸೋಣ."

ಮಂಜುಳಮ್ಮ ಯೋಚಿಸಿದರು. ಶಾಸ್ತ್ರದಲ್ಲಿ ತಪ್ಪು ಕಾಣಲಿಲ್ಲ. ಕರಿಬಸವಯ್ಯ ಹಾರದ ಸಮೇತ ಆ ಭಾರದ ಡಬ್ಬವನ್ನು ತಬ್ಬಿ ಎತ್ತಿದರು. ಮಂಜುಳಮ್ಮ ಅದರಡಿ ಮೂಲೆಗೊಂದು ನಿಂಬೆಹಣ್ಣು ಇಟ್ಟರು. ಇವರು ಉಸಿರು ಬಿಗಿಹಿಡಿದು ಇಳಿಸಿದರು. ರಸ ಚಿಮ್ಮಿ ನೇರ ಕಣ್ಣಿಗೇ ಬಿತ್ತು. ಕುರುಡುಗಣ್ಣಲ್ಲೇ ತಡಕಾಡಿ ಸ್ವಿಚ್ಚು ಒತ್ತಿದರು. ಗುರ್ ಎಂದಿತು. ಆ ಸದ್ದಿಗೆ ಅವರಿಗೆ ಕುಣಿಯಬೇಕೆನಿಸಿತು.

ಸ್ವಲ್ಪ ಹೊತ್ತಿಗೆ ಮಹದೇವಪ್ರಸಾದರ ಫೋನು ಬಂತು. ನಕ್ಷೆ ತೆರೆದುಕೊಂಡಿತ್ತು, ಗಿರಾಕಿಗಳು ಬೆರಗಾಗಿ ಆರ್ಡರ್ ಕೊಟ್ಟಿದ್ದರು.

"ನಿಮ್ದೂ ತೀರ್ಮಾನ ಆಯ್ತು ಕಣ್ರೀ" ಎಂದರು ಅವರು ಉಬ್ಬಿಹೋಗಿ. "ಅಲ್ಲಿನ ನಕ್ಷೆಯೆಲ್ಲ ಇಲ್ಲೇ ತೆರೆಯತ್ತೆ ಅಂದ್ಮೇಲೆ ನೀವ್ಯಾಕೆ ಅಲ್ಲಿ? ಅರ್ಜಿ ಕ್ಯಾನ್ಸಲ್. ಬೇಗ ವಾಪಸ್ ಬನ್ನಿ, ಇಲ್ಲಿ ಪೂಜೆ ಶುರು ಆಗತ್ತೆ."

ಹಿಂದಿನ ಬೀದಿಯಿಂದ ಒಗ್ಗರಣೆಯ ವಾಸನೆ ತೇಲಿ ಬಂತು. ಅದು ಅವರ ಮನೆಯದ್ದೇ. ಕರಿಬಸವಯ್ಯ ಉರಿಯುವ ಕಣ್ಣು ಒರೆಸಿಕೊಳ್ಳುತ್ತ ಬಾಗಿಲ ಕಡೆ ನಡೆದರು.

ಮಂಜುಳಮ್ಮ ಹಿಂದಿನಿಂದ ಬಂದು ಉಳಿದಿದ್ದ ನಿಂಬೆಹಣ್ಣುಗಳನ್ನು ಅವರ ಕೈಯಲ್ಲಿಟ್ಟರು.

"ಸ್ಕೂಟರಿಗೂ ಹತ್ಸ್ಬುಡಿ. ದಿನಾ ಅಷ್ಟು ದೂರ ಓಡೋ ಗಾಡಿ."